ಟರ್ಬೊ ಕಾರಿಗೆ ವಾಟರ್ ಇಂಜೆಕ್ಷನ್: ಯಾವ ದ್ರವ, ಯಾವ ಜಾಗ, ಯಾವ ನಿಯಂತ್ರಣ

ಟರ್ಬೊ ಪೆಟ್ರೋಲ್ ಕಾರಿಗೆ ವಾಟರ್ ಇಂಜೆಕ್ಷನ್, ಅಂದರೆ ಎಂಜಿನ್ನಿಗೆ ಹೋಗುವ ಗಾಳಿಗೆ ನೀರು ಸಿಂಪಡಿಸುವ ವ್ಯವಸ್ಥೆ, ಹಾಕಿಸಬೇಕೆಂದಿರುವವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ಕಂಪನಿಯ ಕಿಟ್ ಒಳ್ಳೆಯದು ಎಂದು. ಅದಕ್ಕಿಂತ ಮುಂಚೆ ತೀರ್ಮಾನವಾಗಬೇಕಾದ ಪ್ರಶ್ನೆ ಇನ್ನೊಂದಿದೆ. ಎಂಜಿನ್ ಈಗ ಕೊಡುತ್ತಿರುವ ಶಕ್ತಿಯನ್ನೇ ಸುಡುಬಿಸಿಲಿನಲ್ಲೂ ಘಾಟಿಯ ಏರಿನಲ್ಲೂ ಕುಗ್ಗದೆ ಕೊಡಲಿ ಎಂಬ ಕಾರಣಕ್ಕೆ ನೀರು ಬೇಕೋ, ಅಥವಾ ನೀರನ್ನು ನಂಬಿ ಬೂಸ್ಟನ್ನು (ಟರ್ಬೊ ಕೊಡುವ ಗಾಳಿಯ ಒತ್ತಡ) ಏರಿಸಿ, ಇಗ್ನಿಷನ್ ಟೈಮಿಂಗನ್ನು (ಕಿಡಿ ಹೊತ್ತುವ ಕ್ಷಣ) ಮುಂದಕ್ಕೆ ತಂದು ಹೆಚ್ಚು ಶಕ್ತಿ ಪಡೆಯಲು ಬೇಕೋ? ಮೊದಲನೆಯ ಸಂದರ್ಭದಲ್ಲಿ ನೀರು ಮುಗಿದರೆ ಕಾರು ಹಿಂದೆ ಹೇಗಿತ್ತೋ ಹಾಗೆ ಓಡುತ್ತದೆ. ಎರಡನೆಯದರಲ್ಲಿ ನೀರು ನಿಂತ ಕೆಲವೇ ಸೆಕೆಂಡುಗಳಲ್ಲಿ ಪಿಸ್ಟನ್ ಹಾಳಾಗಬಹುದು. ಯಾವ ದ್ರವ ಹಾಕಬೇಕು, ಅದನ್ನು ಸಿಂಪಡಿಸುವ ನಾಝಲ್ ಎಲ್ಲಿರಬೇಕು, ಎಷ್ಟು ಖರ್ಚಿನ ಕಂಟ್ರೋಲರ್ ಬೇಕು ಎಂಬ ಎಲ್ಲ ಆಯ್ಕೆಗಳೂ ಈ ಒಂದು ತೀರ್ಮಾನವನ್ನು ಅನುಸರಿಸುತ್ತವೆ.

ನೀರು ಮಾಡುವ ಕೆಲಸ

ಟರ್ಬೊ ಗಾಳಿಯನ್ನು ಒತ್ತಿದಂತೆ ಗಾಳಿ ಕಾಯುತ್ತದೆ. ಕಲಬುರಗಿ ಅಥವಾ ರಾಯಚೂರಿನ ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್‌ನ ಗಾಳಿಯನ್ನು 70 ಶೇಕಡಾ ದಕ್ಷತೆಯ ಕಂಪ್ರೆಸರ್ ಎರಡರಷ್ಟು ಒತ್ತಡಕ್ಕೆ ಏರಿಸಿದರೆ ಆ ಗಾಳಿ ಹೊರಬೀಳುವಾಗ ಸುಮಾರು 135ರಿಂದ 140 ಡಿಗ್ರಿ ಇರುತ್ತದೆ. ಇಂಟರ್‌ಕೂಲರ್ ಎಂಬ ತಣಿಸುವ ಭಾಗ ಅದರಲ್ಲಿ ಬಹುಪಾಲನ್ನು ಇಳಿಸುತ್ತದೆ, ಆದರೆ ಸುತ್ತಲಿನ ಗಾಳಿಗಿಂತ ಕೆಳಗೆ ಇಳಿಸಲಾರದು. ಬೆಂಗಳೂರಿನ ವಿಷಯ ಸ್ವಲ್ಪ ಬೇರೆ. ಅಲ್ಲಿ ಬಿಸಿಲು ಕಡಿಮೆಯಾದರೂ ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವುದರಿಂದ ಗಾಳಿ ತೆಳುವಾಗಿದೆ. ಮಂಗಳೂರಿನಲ್ಲಿ ಸಿಗುವ ಶಕ್ತಿಯೇ ಬೆಂಗಳೂರಿನಲ್ಲೂ ಸಿಗಬೇಕಾದರೆ ಟರ್ಬೊ ಹೆಚ್ಚು ಅನುಪಾತದಲ್ಲಿ ಒತ್ತಬೇಕಾಗುತ್ತದೆ, ಅಂದರೆ ಗಾಳಿಯನ್ನು ಹೆಚ್ಚು ಕಾಯಿಸಬೇಕಾಗುತ್ತದೆ.

ಗಾಳಿ ಬಿಸಿಯಾದಷ್ಟೂ ಸಿಲಿಂಡರಿನ ಮೂಲೆಯಲ್ಲಿರುವ ಮಿಶ್ರಣ ಕಿಡಿಯ ಜ್ವಾಲೆ ತಲುಪುವ ಮೊದಲೇ ತಾನಾಗಿ ಹೊತ್ತಿಕೊಳ್ಳುವ ಸಂಭವ ಹೆಚ್ಚುತ್ತದೆ. ಇದೇ ನಾಕಿಂಗ್. ನಾಕ್ ಸೆನ್ಸರ್ ಅದನ್ನು ಗ್ರಹಿಸಿದೊಡನೆ ಎಂಜಿನ್ನಿನ ನಿಯಂತ್ರಕ ಕಂಪ್ಯೂಟರ್ ಆದ ಇಸಿಯು ಟೈಮಿಂಗನ್ನು ಹಿಂದಕ್ಕೆ ಎಳೆಯುತ್ತದೆ, ಎಕ್ಸಾಸ್ಟ್ ಬಿಸಿ ಮಿತಿ ಮೀರದಿರಲು ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಕಾರು ಮಂಕಾಗುತ್ತದೆ. ಒಂದು ಕಿಲೋಗ್ರಾಂ ನೀರು ಆವಿಯಾಗಲು ಸುಮಾರು 2,257 ಕಿಲೋಜೌಲ್ ಶಾಖವನ್ನು ಹೀರಿಕೊಳ್ಳುತ್ತದೆ. ಕೆಲವರು ನೀರಿಗೆ ಬೆರೆಸುವ ಮೆಥನಾಲ್ ಎಂಬ ಆಲ್ಕೊಹಾಲ್ ಹೀರುವುದು ಇದರ ಅರ್ಧದಷ್ಟು, ಪೆಟ್ರೋಲ್ ಸುಮಾರು 350 ಕಿಲೋಜೌಲ್ ಮಾತ್ರ. ತಂಪು ಮಾಡುವುದಕ್ಕಾಗಿಯೇ ಪೆಟ್ರೋಲ್ ಸುರಿಯುವುದು ಎಷ್ಟು ದುಬಾರಿಯ ದಾರಿಯೆಂದು ಈ ಅಂಕಿಗಳೇ ತೋರಿಸುತ್ತವೆ.

ನಮ್ಮಲ್ಲಿ ಸಾಕಷ್ಟು ಓಡುತ್ತಿರುವ ಫೋಕ್ಸ್‌ವ್ಯಾಗನ್ ಮತ್ತು ಸ್ಕೋಡಾ ಕಾರುಗಳ 1.0 ಟಿಎಸ್‌ಐ ಎಂಜಿನ್ನನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 115 ಪಿಎಸ್ ಶಕ್ತಿಗೆ ಪೂರ್ಣ ಹೊರೆಯಲ್ಲಿ ಅದು ನಿಮಿಷಕ್ಕೆ ಅಂದಾಜು 550ರಿಂದ 570 ಮಿಲಿಲೀಟರ್ ಪೆಟ್ರೋಲ್ ಕುಡಿಯುತ್ತದೆ. ನೀರಿನ ಪ್ರಮಾಣವನ್ನು ಇಂಧನದ 10ರಿಂದ 25 ಶೇಕಡಾದೊಳಗೆ ಇಡುವುದು ವಾಡಿಕೆ. 15 ಶೇಕಡಾ ಎಂದುಕೊಂಡರೆ ನಿಮಿಷಕ್ಕೆ ಸುಮಾರು 85 ಮಿಲಿಲೀಟರ್. ಅಷ್ಟೂ ನೀರು ದಾರಿಯಲ್ಲೇ ಆವಿಯಾದರೆ ಗಾಳಿಯ ಉಷ್ಣತೆ 35ರಿಂದ 40 ಡಿಗ್ರಿ ಇಳಿಯಬೇಕು. ವಾಸ್ತವದಲ್ಲಿ ನಾಝಲಿನಿಂದ ಸಿಲಿಂಡರಿಗೆ ತಲುಪಲು ಹನಿಗೆ ಸಿಗುವ ಸಮಯ ತೀರ ಕಡಿಮೆಯಾದ್ದರಿಂದ ಒಂದು ಭಾಗ ಮಾತ್ರ ಪೈಪಿನಲ್ಲಿ ಆವಿಯಾಗುತ್ತದೆ, ಉಳಿದದ್ದು ಸಿಲಿಂಡರಿನೊಳಗೆ ಒತ್ತುವಿಕೆಯ ವೇಳೆ ಆವಿಯಾಗುತ್ತದೆ. ನಾಕಿಂಗನ್ನು ತಡೆಯುವುದು ಮುಖ್ಯವಾಗಿ ಈ ಎರಡನೆಯ ಭಾಗ. ಆದ್ದರಿಂದ ಗಾಳಿಯ ಉಷ್ಣತೆಯ ಮೀಟರ್ ಹೆಚ್ಚು ಇಳಿಯಲಿಲ್ಲವೆಂದು ನೀರು ಕೆಲಸ ಮಾಡುತ್ತಿಲ್ಲ ಎಂದು ತಿಳಿಯಬಾರದು. ಕರಾವಳಿಯ ತೇವಭರಿತ ಹವೆಯಲ್ಲಿ ಇದು ನಿಷ್ಪ್ರಯೋಜಕ ಎಂಬ ಮಾತೂ ಸರಿಯಲ್ಲ, ಏಕೆಂದರೆ ಒತ್ತಿ ಬಿಸಿಯಾದ ಗಾಳಿಗೆ ಇನ್ನೂ ಬಹಳಷ್ಟು ಆವಿಯನ್ನು ಹಿಡಿದುಕೊಳ್ಳುವ ಶಕ್ತಿ ಇರುತ್ತದೆ.

ಇದೇನೂ ಹೊಸ ಉಪಾಯವಲ್ಲ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಯುದ್ಧವಿಮಾನಗಳು ನೀರು ಮತ್ತು ಮೆಥನಾಲನ್ನು ಸರಿಸುಮಾರು ಸಮಪಾಲಿನಲ್ಲಿ ಬೆರೆಸಿದ ಎಂಡಬ್ಲ್ಯೂ 50 ಎಂಬ ದ್ರವವನ್ನು ಬಳಸುತ್ತಿದ್ದವು. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಾರು 10.25ರ ಕಂಪ್ರೆಷನ್ ಅನುಪಾತದ ವಿ8 ಎಂಜಿನ್ನಿಗೆ ಟರ್ಬೊ ಜೋಡಿಸಿ, ನಾಕಿಂಗ್ ತಡೆಯಲು ಅದೇ ಬಗೆಯ ದ್ರವಕ್ಕೆ ಬೇರೆ ಟ್ಯಾಂಕ್ ಇಟ್ಟುಕೊಂಡು ಬಂತು. ದ್ರವ ಮುಗಿದಾಗ ಬೂಸ್ಟ್ ತಗ್ಗಿಸುವ ಏರ್ಪಾಡು ಅದರಲ್ಲಿತ್ತು. ಆದರೆ ಮಾಲೀಕರು ಟ್ಯಾಂಕ್ ತುಂಬಿಸುವುದನ್ನೇ ಮರೆಯುತ್ತಿದ್ದರು, ಕಾರಿಗೆ ಶಕ್ತಿಯಿಲ್ಲವೆಂಬ ದೂರುಗಳು ಬಂದವು, ಕೊನೆಗೆ ಅನೇಕ ಕಾರುಗಳಿಂದ ಟರ್ಬೊವನ್ನೇ ಕಳಚಿ ಸಾಮಾನ್ಯ ಕಾರ್ಬ್ಯುರೇಟರ್ ಕೂರಿಸಲಾಯಿತು. 2016ರ ಬಿಎಂಡಬ್ಲ್ಯೂ ಎಂ4 ಜಿಟಿಎಸ್ ಬಾಷ್ ಕಂಪನಿಯ ತಂತ್ರದೊಂದಿಗೆ ನೀರನ್ನಷ್ಟೇ ಬಳಸಿ 500 ಅಶ್ವಶಕ್ತಿ ಕೊಟ್ಟಿತು. ಅದರ ಡಿಕ್ಕಿಯಲ್ಲಿ 5 ಲೀಟರಿನ ನೀರಿನ ಟ್ಯಾಂಕ್ ಇದೆ, ನೀರಿಲ್ಲದಾಗ ಇಸಿಯು ತಾನೇ ಬೂಸ್ಟನ್ನೂ ಟೈಮಿಂಗನ್ನೂ ಇಳಿಸುತ್ತದೆ. ನಾವು ಹೊರಗಿನಿಂದ ಜೋಡಿಸುವ ಕಿಟ್ಟಿನಲ್ಲಿ ಕಷ್ಟದಿಂದ ಸಾಧಿಸಬೇಕಾದದ್ದು ಈ ಕೊನೆಯ ಗುಣವನ್ನೇ.

ನೀರಿಗೆ ಬದಲು ಬೇರೇನು?

ಹಾಕಿಸುವ ಮುನ್ನ ಬೇರೆ ದಾರಿಗಳನ್ನು ನೋಡಲೇಬೇಕು. ದೊಡ್ಡ ಇಂಟರ್‌ಕೂಲರ್ ಎಂದಿಗೂ ಖಾಲಿಯಾಗುವುದಿಲ್ಲ, ಅದಕ್ಕೆ ತಂತಿ ಬೇಡ, ಪಂಪ್ ಬೇಡ. ಬಂಪರಿನ ಹಿಂದೆ ಗಾಳಿಯಿಂದ ತಣಿಯುವ ಇಂಟರ್‌ಕೂಲರ್ ಇರುವ ಕಾರಾದರೆ ಮೊದಲ ಹಣವನ್ನು ಅಲ್ಲಿಗೇ ಹಾಕುವುದು ಸರಿಯೆಂದು ನನ್ನ ಖಚಿತ ಅಭಿಪ್ರಾಯ. ಆದರೆ 1.0 ಟಿಎಸ್‌ಐನಂಥ ಎಂಜಿನ್ನಿನಲ್ಲಿ ಇಂಟರ್‌ಕೂಲರ್ ಇನ್‌ಟೇಕ್ ಮ್ಯಾನಿಫೋಲ್ಡಿನೊಳಗೇ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಗಳು) ಸೇರಿಕೊಂಡಿದ್ದು ಕೂಲಂಟ್ ನೀರಿನಿಂದ ತಣಿಯುತ್ತದೆ. ಅದನ್ನು ಬದಲಿಸುವುದು ಸುಲಭವಲ್ಲ, ಆದ್ದರಿಂದ ಅಲ್ಲಿ ವಾಟರ್ ಇಂಜೆಕ್ಷನ್ನಿನ ಆಕರ್ಷಣೆ ಹೆಚ್ಚು.

ಹೆಚ್ಚು ಆಕ್ಟೇನ್ ಇಂಧನ, ಅಂದರೆ ನಾಕಿಂಗನ್ನು ಹೆಚ್ಚು ತಡೆಯುವ ಪೆಟ್ರೋಲ್, ಇನ್ನೊಂದು ದಾರಿ. ಇಂಡಿಯನ್ ಆಯಿಲ್‌ನ ಎಕ್ಸ್‌ಪಿ100 ಇರುವ ಬಂಕ್ ಹತ್ತಿರದಲ್ಲಿದ್ದರೆ, ವಾರಾಂತ್ಯಕ್ಕೊಮ್ಮೆ ಮಾತ್ರ ಕಾರನ್ನು ಜೋರಾಗಿ ಓಡಿಸುವವರಿಗೆ ಅದೇ ಸರಳ. ಆದರೆ ಅದು ಸಾಮಾನ್ಯ ಪೆಟ್ರೋಲಿಗಿಂತ ಬಹಳ ದುಬಾರಿ, ಆಯ್ದ ಬಂಕುಗಳಲ್ಲಿ ಮಾತ್ರ ಸಿಗುತ್ತದೆ, ಬೆಂಗಳೂರು ಬಿಟ್ಟು ಉತ್ತರಕ್ಕೆ ಹೊರಟರೆ ಮುಂದಿನ ಬಂಕಿನಲ್ಲಿ ಸಿಗುವುದೆಂದು ನಂಬುವಂತಿಲ್ಲ. ಈಗ ಎಲ್ಲೆಡೆ ಸಿಗುವ ಇ20 ಪೆಟ್ರೋಲಿನಲ್ಲಿರುವ ಎಥನಾಲ್ ಕೂಡ ನಾಕಿಂಗನ್ನು ಒಂದಿಷ್ಟು ತಡೆಯುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಂಟರ್‌ಕೂಲರಿನ ಹೊರಮೈಗೆ ನೀರು ಚಿಮುಕಿಸುವ ವ್ಯವಸ್ಥೆಯೂ ಉಂಟು. ಎಂಜಿನ್ನಿನೊಳಗೆ ಏನೂ ಹೋಗದ ಕಾರಣ ಅದರಲ್ಲಿ ಅಪಾಯವಿಲ್ಲ, ಆದರೆ ನೀರು ಹೆಚ್ಚು ಖರ್ಚಾಗುತ್ತದೆ, ಫಲ ಕಡಿಮೆ.

ಡೀಸೆಲ್ ಕಾರಿನವರಿಗೆ ಇಲ್ಲಿ ಒಂದು ಮಾತು ಸಾಕು. ಡೀಸೆಲ್ ಎಂಜಿನ್ನಿಗೆ ಈ ಬಗೆಯ ನಾಕಿಂಗ್ ಮಿತಿಯೇ ಇಲ್ಲ. ನೀರಿನಿಂದ ಎಕ್ಸಾಸ್ಟಿನ ಉಷ್ಣತೆ ಇಳಿಯುತ್ತದೆ ಅಷ್ಟೇ, ಟ್ಯೂನ್ ಮಾಡದ ಕಾರಿಗೆ ಅದರ ಅಗತ್ಯವಿಲ್ಲ. ಮುಂದಿನದೆಲ್ಲ ಪೆಟ್ರೋಲ್ ಕಾರಿನ ಕುರಿತದ್ದು.

ಬರಿಯ ನೀರೋ, ಮೆಥನಾಲ್ ಬೆರೆತದ್ದೋ?

ಮೆಥನಾಲ್ ಪರವಾಗಿ ಹೇಳಬೇಕಾದದ್ದು ಇಷ್ಟು. ಅದು ತಂಪು ಮಾಡುವುದರ ಜೊತೆಗೆ ತಾನೇ ಹೆಚ್ಚು ಆಕ್ಟೇನಿನ ಇಂಧನ. ಬೇಗ ಆವಿಯಾಗುವುದರಿಂದ ಪೈಪಿನಲ್ಲೇ ಗಾಳಿಯನ್ನು ತಣಿಸುತ್ತದೆ. ಟ್ಯೂನರ್ (ಇಸಿಯುವನ್ನು ಹೊಂದಿಸುವ ತಂತ್ರಜ್ಞ) ಸರಿಯಾದ ಮ್ಯಾಪ್ (ಇಂಧನ, ಟೈಮಿಂಗ್, ಬೂಸ್ಟ್ ಎಷ್ಟಿರಬೇಕೆಂದು ಇಸಿಯುಗೆ ಹೇಳುವ ಪಟ್ಟಿ) ಬರೆದರೆ ಬರಿಯ ನೀರಿಗಿಂತ ಹೆಚ್ಚು ಶಕ್ತಿ ಕೊಡುತ್ತದೆ. ಹಿಮ ಬೀಳುವ ನಾಡುಗಳಲ್ಲಿ ನೀರು ಹೆಪ್ಪುಗಟ್ಟದಂತೆಯೂ ನೋಡಿಕೊಳ್ಳುತ್ತದೆ. ಅಮೆರಿಕದಲ್ಲೋ ಕೆನಡಾದಲ್ಲೋ ಇರುವ ಕನ್ನಡಿಗರಿಗೆ ಚಳಿಗಾಲದಲ್ಲಿ ಈ ಕಾರಣವೊಂದೇ ಸಾಕು. ಕರ್ನಾಟಕದಲ್ಲಿ ಆ ಕಾರಣ ಹುಟ್ಟುವುದೇ ಇಲ್ಲ.

ವಿರುದ್ಧವಾಗಿ ಹೇಳಬೇಕಾದದ್ದು ಹೆಚ್ಚಿದೆ. ಮೆಥನಾಲ್ ವಿಷ. ಹೊಟ್ಟೆಗೆ ಹೋದರೆ ಕಣ್ಣು ಹೋಗುತ್ತದೆ, ಪ್ರಾಣವೂ ಹೋಗಬಹುದು. ಚರ್ಮದ ಮೂಲಕವೂ ಮೈಗೆ ಸೇರುತ್ತದೆ. ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದಿಲ್ಲ, ಅರ್ಧ ನೀರು ಬೆರೆತ ಮಿಶ್ರಣ ಕೂಡ ಹೊತ್ತಿಕೊಳ್ಳುತ್ತದೆ. ಡಿಕ್ಕಿಯಲ್ಲಿ, ಮಕ್ಕಳು ಕೂರುವ ಸೀಟಿನ ಹಿಂದೆ, ಇಂಥ ದ್ರವದ ಟ್ಯಾಂಕ್ ಇಡುವುದನ್ನು ನಾನು ಯಾರಿಗೂ ಸಲಹೆ ಮಾಡಲಾರೆ. ಕಳ್ಳಭಟ್ಟಿ ದುರಂತಗಳ ಹಿನ್ನೆಲೆಯಿಂದಾಗಿ ಅದರ ಸಂಗ್ರಹ ಮತ್ತು ಮಾರಾಟ ಕಾನೂನಿನ ಕಟ್ಟುಪಾಡಿಗೆ ಒಳಪಟ್ಟಿದೆ, ಆದ್ದರಿಂದ ಬೇಕಾದಾಗ ಕೊಳ್ಳುವ ವಸ್ತುವೂ ಅಲ್ಲ. ಅಲ್ಯೂಮಿನಿಯಂ ಭಾಗಗಳನ್ನೂ ಕೆಲವು ಬಗೆಯ ರಬ್ಬರನ್ನೂ ಅದು ತಿನ್ನುತ್ತದೆ.

ಇವೆಲ್ಲಕ್ಕಿಂತ ಸೂಕ್ಷ್ಮವಾದ ತೊಂದರೆಯೊಂದಿದೆ. ಬರಿಯ ನೀರು ನಿಂತರೆ ನಾಕಿಂಗ್ ತಡೆ ಮಾತ್ರ ಹೋಗುತ್ತದೆ. ಮೆಥನಾಲನ್ನು ಇಂಧನವೆಂದು ಎಣಿಸಿ ಪೆಟ್ರೋಲ್ ತಗ್ಗಿಸಿ ಮ್ಯಾಪ್ ಬರೆದಿದ್ದರೆ, ಅದು ನಿಂತ ಕ್ಷಣ ತಂಪೂ ಹೋಗುತ್ತದೆ, ಮಿಶ್ರಣವೂ ತೆಳುವಾಗುತ್ತದೆ. ಎರಡು ಅಪಾಯ ಒಟ್ಟಿಗೆ ಬರುತ್ತವೆ. ಮೆಥನಾಲ್ ಬದಲು ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸುವವರಿದ್ದಾರೆ. ವಿಷ ಕಡಿಮೆ, ಕೊಳ್ಳುವುದು ಸುಲಭ, ಆದರೆ ತಂಪು ಮಾಡುವ ಶಕ್ತಿಯೂ ಕಡಿಮೆ, ಬೆಂಕಿಯ ಭಯ ಹಾಗೇ ಉಳಿಯುತ್ತದೆ.

ಹಾಗಾಗಿ ನಮ್ಮ ರಸ್ತೆಗಳಲ್ಲಿ ದಿನವೂ ಓಡುವ ಕಾರಿಗೆ ಭಟ್ಟಿ ಇಳಿಸಿದ ಬರಿಯ ನೀರೇ ಸರಿ. ಇನ್ವರ್ಟರ್ ಬ್ಯಾಟರಿಗೆಂದು ಅಂಗಡಿಗಳಲ್ಲಿ 5 ಲೀಟರ್ ಕ್ಯಾನಿನಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಅಥವಾ ಡಿಮಿನರಲೈಸ್ಡ್ ವಾಟರ್ ಸಾಕು. ಬೋರ್‌ವೆಲ್ ನೀರನ್ನು ಯಾವ ಕಾರಣಕ್ಕೂ ಹಾಕಬಾರದು, ಏಕೆಂದರೆ ಅದರ ಸುಣ್ಣ ನಾಝಲಿನ ಕೂದಲೆಳೆಯಂಥ ರಂಧ್ರವನ್ನು ಮುಚ್ಚುತ್ತದೆ, ವಾಲ್ವಿನ ಮೇಲೂ ಕೂರುತ್ತದೆ. ಮನೆಯ ಆರ್‌ಒ ನೀರಿನಲ್ಲೂ ಲವಣ ಉಳಿದಿರುತ್ತದೆ. ಗಾಜು ತೊಳೆಯುವ ಸೋಪು, ಕೂಲಂಟ್ ಮುಂತಾದವನ್ನು ಬೆರೆಸುವುದು ಸಲ್ಲದು.

ನಾಝಲ್ ಎಲ್ಲಿರಬೇಕು?

ಮೂರು ಜಾಗಗಳನ್ನು ಹೋಲಿಸಬೇಕು. ಟರ್ಬೊಗೆ ಮುಂಚೆ ಸಿಂಪಡಿಸಿದರೆ ಒತ್ತುವ ಕೆಲಸವೇ ಹಗುರವಾಗುತ್ತದೆ. ಆದರೆ ನಿಮಿಷಕ್ಕೆ ಲಕ್ಷ ಸುತ್ತಿಗಿಂತ ಹೆಚ್ಚು ತಿರುಗುವ ಕಂಪ್ರೆಸರ್ ರೆಕ್ಕೆಗೆ ದಪ್ಪ ಹನಿ ಬಡಿದರೆ ರೆಕ್ಕೆಯ ಅಂಚು ಸವೆಯುತ್ತದೆ. ರಸ್ತೆಯ ಕಾರಿಗೆ ಇದು ಬೇಡ.

ಪ್ರತಿ ಸಿಲಿಂಡರಿನ ಇನ್‌ಟೇಕ್ ದಾರಿಗೆ ಒಂದೊಂದು ನಾಝಲ್ ಇಡುವುದು ಹಂಚಿಕೆಯ ದೃಷ್ಟಿಯಿಂದ ಅತ್ಯುತ್ತಮ. ಆದರೆ ಮ್ಯಾನಿಫೋಲ್ಡ್ ಬಿಚ್ಚಿ ಕೊರೆಯಬೇಕು, ಒಂದೊಂದು ನಾಝಲೂ ತೀರ ಸಣ್ಣದಾಗಿರಬೇಕು, ಅವುಗಳಲ್ಲಿ ಒಂದು ಕಟ್ಟಿಕೊಂಡರೆ ಒಂದೇ ಸಿಲಿಂಡರ್ ನೀರಿಲ್ಲದೆ ಓಡುತ್ತದೆ, ಅದು ಮೀಟರಿನಲ್ಲಿ ಗೊತ್ತಾಗುವುದೂ ಕಷ್ಟ. ಇದಲ್ಲದೆ ಗಾಳಿಯ ಹರಿವನ್ನು ನಿಯಂತ್ರಿಸುವ ಥ್ರಾಟಲಿನ ಆಚೆ ಇರುವ ನಾಝಲಿಗೆ ಐಡ್ಲಿಂಗಿನಲ್ಲಿ ಮ್ಯಾನಿಫೋಲ್ಡಿನ ನಿರ್ವಾತ ತಗಲುತ್ತದೆ, ಪಂಪ್ ನಿಂತಿದ್ದರೂ ನೀರು ಎಳೆದುಕೊಂಡು ಹೋಗಬಹುದು. ಅಂಥ ಕಡೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್ ಕಡ್ಡಾಯ. ಸಿಲಿಂಡರಿನಲ್ಲಿ ನೀರು ನಿಂತಿರುವಾಗ ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಹೆಚ್ಚಿನ ಕಾರುಗಳಿಗೆ ಹೊಂದುವುದು ಇಂಟರ್‌ಕೂಲರ್ ದಾಟಿದ ಮೇಲೆ, ಥ್ರಾಟಲಿಗೆ 10ರಿಂದ 20 ಸೆಂಟಿಮೀಟರ್ ಮುಂಚೆ ಇರುವ ಒಂದೇ ನಾಝಲ್. ಗಾಳಿಯ ಉಷ್ಣತೆ ಅಳೆಯುವ ಸೆನ್ಸರಿಗೆ ಹನಿ ನೇರವಾಗಿ ಬಡಿಯದಂತೆ ನೋಡಿಕೊಳ್ಳಬೇಕು. ಒದ್ದೆಯಾದ ಸೆನ್ಸರ್ ನಿಜಕ್ಕಿಂತ ತಂಪು ತೋರಿಸುತ್ತದೆ, ಅದನ್ನು ನಂಬಿ ಇಸಿಯು ಟೈಮಿಂಗನ್ನು ಅತಿಯಾಗಿ ಮುಂದಕ್ಕೆ ತರುತ್ತದೆ. 1.0 ಟಿಎಸ್‌ಐನಲ್ಲಿ ಇನ್ನೊಂದು ತೊಡಕಿದೆ. ಅದರ ಥ್ರಾಟಲ್ ಇಂಟರ್‌ಕೂಲರಿಗಿಂತ ಮುಂಚೆ ಬರುತ್ತದೆ. ಥ್ರಾಟಲಿನ ಬಳಿ ಸಿಂಪಡಿಸಿದ ನೀರು ಇಂಟರ್‌ಕೂಲರಿನ ರೆಕ್ಕೆಗಳಿಗೆ ಬಡಿದು ಹನಿಗೂಡಿ, ಯಾವ ಸಿಲಿಂಡರಿಗೆ ಎಷ್ಟು ಎಂಬ ಲೆಕ್ಕವಿಲ್ಲದೆ ಒಳಗೆ ಹೋಗುತ್ತದೆ. ಆದ್ದರಿಂದ ಈ ಎಂಜಿನ್ನಿನಲ್ಲಿ ಸಣ್ಣ ನಾಝಲಿನಿಂದ ಆರಂಭಿಸಿ, ಒಂದೊಂದು ಸಿಲಿಂಡರಿನ ಟೈಮಿಂಗ್ ಕಡಿತವನ್ನು (ಇಸಿಯು ಟೈಮಿಂಗನ್ನು ಎಷ್ಟು ಹಿಂದಕ್ಕೆಳೆದಿದೆ ಎಂಬುದನ್ನು) ಬೇರೆಬೇರೆಯಾಗಿ ನೋಡಿದ ಮೇಲೆಯೇ ಪ್ರಮಾಣ ಹೆಚ್ಚಿಸಬೇಕು. ನೀರನ್ನೇ ನಂಬಿದ ಮ್ಯಾಪಿಗೆ ಈ ವಿನ್ಯಾಸ ತಕ್ಕದ್ದಲ್ಲ.

ಮೂರು ಬಗೆಯ ನಿಯಂತ್ರಣ

ಅಗ್ಗದ ಕಿಟ್ಟುಗಳಲ್ಲಿ ಬೂಸ್ಟ್ ಒಂದು ಮಟ್ಟ ಮುಟ್ಟಿದೊಡನೆ ಪ್ರೆಷರ್ ಸ್ವಿಚ್ ಪಂಪನ್ನು ಪೂರ್ತಿ ಚಾಲೂ ಮಾಡುತ್ತದೆ. ಭಾಗಗಳು ಕಡಿಮೆ, ಕೆಡುವುದೂ ಕಡಿಮೆ. ಆದರೆ ಕಡಿಮೆ ಸುತ್ತಿನಲ್ಲಿ ಬೂಸ್ಟ್ ಬಂದಾಗಲೂ ಪೂರ್ತಿ ನೀರು ಬೀಳುವುದರಿಂದ ಎಂಜಿನ್ ಉಸಿರುಕಟ್ಟಿದಂತಾಗಬಹುದು. ಆದ್ದರಿಂದ ಇಂಥ ಕಿಟ್ಟಿಗೆ ಲೆಕ್ಕಕ್ಕಿಂತ ಸಣ್ಣ ನಾಝಲನ್ನೇ ಹಾಕಬೇಕು.

ಎರಡನೆಯ ಬಗೆಯಲ್ಲಿ ಕಂಟ್ರೋಲರ್ ಬೂಸ್ಟಿಗೆ ತಕ್ಕಂತೆ ಪಂಪಿನ ವೇಗವನ್ನು ಏರಿಳಿಸುತ್ತದೆ. ಎಇಎಂ, ಸ್ನೋ ಪರ್ಫಾರ್ಮೆನ್ಸ್ ಮುಂತಾದವರ ಜನಪ್ರಿಯ ಕಿಟ್ಟುಗಳು ಈ ಜಾತಿಯವು. ಇದರ ಮಿತಿಯನ್ನು ತಿಳಿದಿರಬೇಕು. ನಾಝಲಿನಿಂದ ಹರಿಯುವ ನೀರು ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ಹರಿವನ್ನು ಅರ್ಧಕ್ಕೆ ಇಳಿಸಬೇಕಾದರೆ ಒತ್ತಡ ಕಾಲುಭಾಗಕ್ಕೆ ಇಳಿಯಬೇಕು. ಅಷ್ಟು ಇಳಿದಾಗ ಮಂಜಿನಂತಿದ್ದ ಸಿಂಪಡಣೆ ದಪ್ಪ ಹನಿಯಾಗುತ್ತದೆ. ಜೊತೆಗೆ ಪಂಪಿನ ಒತ್ತಡದಿಂದ ಬೂಸ್ಟನ್ನು ಕಳೆದ ಮೇಲೆ ಉಳಿಯುವುದೇ ನಾಝಲಿನ ನಿಜವಾದ ಒತ್ತಡ. 10 ಬಾರ್ ಪಂಪಿಗೆ 1 ಬಾರ್ ಬೂಸ್ಟ್ ಎದುರಾದರೆ ಉಳಿಯುವುದು 9 ಬಾರ್. ಹಾಗಿದ್ದರೂ ರಕ್ಷಣೆಗಾಗಿ ನೀರು ಬೇಕಾದವರಿಗೆ ಈ ಬಗೆ ಸಾಕು. ಬೂಸ್ಟ್ ಅರ್ಧ ಬಾರಿನ ಆಸುಪಾಸಿನಲ್ಲಿದ್ದಾಗ ಆರಂಭಿಸಿ, ಗರಿಷ್ಠ ಬೂಸ್ಟಿನಲ್ಲಿ ಪೂರ್ತಿ ಹರಿವು ಬರುವಂತೆ ಹೊಂದಿಸಬಹುದು.

ಮೂರನೆಯದರಲ್ಲಿ ಪಂಪ್ ಒತ್ತಡವನ್ನು ಸ್ಥಿರವಾಗಿಡುತ್ತದೆ, ವೇಗವಾಗಿ ತೆರೆದು ಮುಚ್ಚುವ ವಾಲ್ವ್ ಹರಿವನ್ನು ಅಳೆದು ಬಿಡುತ್ತದೆ. ಬ್ರಿಟನ್ನಿನ ಅಕ್ವಾಮಿಸ್ಟ್ ಇದಕ್ಕೆ ಹೆಸರಾದದ್ದು. ಹನಿ ಎಂದಿಗೂ ದಪ್ಪವಾಗುವುದಿಲ್ಲ, ಹರಿವಿನ ಸೆನ್ಸರ್ ಇರುವುದರಿಂದ ನೀರು ನಿಜವಾಗಿ ಹೋಗುತ್ತಿದೆಯೇ ಎಂದು ಕ್ಷಣಕ್ಷಣಕ್ಕೂ ಗೊತ್ತಾಗುತ್ತದೆ, ತಪ್ಪಿದರೆ ಬೂಸ್ಟ್ ಇಳಿಸುವ ಸಂಕೇತ ಹೊರಡುತ್ತದೆ. ಬೆಲೆ ಹೆಚ್ಚು, ಆಮದಿನ ಸುಂಕ ಸೇರಿದರೆ ಇನ್ನೂ ಹೆಚ್ಚು. ನೀರನ್ನು ನಂಬಿ ಮ್ಯಾಪ್ ಬರೆಸುವವರು ಈ ಖರ್ಚಿನಿಂದ ತಪ್ಪಿಸಿಕೊಳ್ಳಬಾರದು. ಟ್ಯಾಂಕಿನ ಮಟ್ಟ ತೋರಿಸುವ ದೀಪವೊಂದೇ ಅಂಥವರಿಗೆ ಸಾಲದು, ಏಕೆಂದರೆ ಟ್ಯಾಂಕ್ ತುಂಬಿದ್ದರೂ ಪೈಪ್ ಕಳಚಿರಬಹುದು, ಫಿಲ್ಟರ್ ಕಟ್ಟಿರಬಹುದು, ಫ್ಯೂಸ್ ಹೋಗಿರಬಹುದು.

ಜೋಡಣೆ, ಕಾನೂನು, ಪರೀಕ್ಷೆ

ಮೇಲಿನ ಲೆಕ್ಕದಂತೆ 3 ಲೀಟರ್ ನೀರು ಪೂರ್ಣ ಹೊರೆಯ ಅರ್ಧ ಗಂಟೆಗೂ ಹೆಚ್ಚು ಕಾಲ ಬರುತ್ತದೆ. ಊರಿನಲ್ಲಿ ಓಡಾಡುವವರಿಗೆ ಅಷ್ಟು ಹೊರೆ ಬೀಳುವುದೇ ಅಪರೂಪ. ಆದ್ದರಿಂದ ದೊಡ್ಡ ಟ್ಯಾಂಕಿನ ಅಗತ್ಯವಿಲ್ಲ. ವೈಪರಿನ ನೀರಿನ ಟ್ಯಾಂಕನ್ನೇ ಬಳಸುವುದಕ್ಕಿಂತ ಬೇರೆ ಟ್ಯಾಂಕ್ ಇಡುವುದು ಮೇಲು, ಇಲ್ಲವಾದರೆ ಸರ್ವಿಸ್ ಸೆಂಟರಿನಲ್ಲಿ ಯಾರಾದರೂ ಅದಕ್ಕೆ ಸೋಪು ನೀರು ತುಂಬುತ್ತಾರೆ. ಪಂಪ್ ಟ್ಯಾಂಕಿನ ತಳಕ್ಕಿಂತ ಕೆಳಗೆ, ಅದರ ಸಮೀಪದಲ್ಲೇ ಇರಬೇಕು. ನಡುವೆ ಫಿಲ್ಟರ್, ನಾಝಲಿನ ಬಳಿ ಹರಿವು ಹಿಂದಕ್ಕೆ ಹೋಗದಂತೆ ತಡೆಯುವ ಚೆಕ್ ವಾಲ್ವ್, ಪಂಪಿಗೆ ಪ್ರತ್ಯೇಕ ರಿಲೇ ಮತ್ತು ಫ್ಯೂಸ್ ಬೇಕೇ ಬೇಕು. ನೈಲಾನ್ ಪೈಪನ್ನು ಟರ್ಬೊ ಮತ್ತು ಎಕ್ಸಾಸ್ಟಿನಿಂದ ದೂರ ಎಳೆಯಬೇಕು.

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ವಾರಂಟಿ ಇರುವ ಕಾರಿಗೆ ಇದನ್ನು ಹಾಕಿಸಿದರೆ ಎಂಜಿನ್ನಿನ ಮೇಲಿನ ಹಕ್ಕು ಹೋಗುವುದೆಂದೇ ತಿಳಿಯಬೇಕು. ವಿಮಾ ಕಂಪನಿಗೆ ಮಾರ್ಪಾಡನ್ನು ತಿಳಿಸದೆ ಇರುವುದು ಅಪಘಾತವಾದಾಗ ಮಾಲೀಕನಿಗೇ ಮುಳುವಾಗುತ್ತದೆ. ಈ ಕಾರಣಗಳಿಗಾಗಿ ಹೊಸ ಕಾರಿನವರಿಗೆ ಒಳ್ಳೆಯ ಇಂಧನ ಮತ್ತು ಚೊಕ್ಕ ಇಂಟರ್‌ಕೂಲರ್ ಸಾಕು ಎನ್ನುತ್ತೇನೆ.

ಹಾಕಿಸಿದೊಡನೆ ಕಾರು ಹಾರುತ್ತದೆಂದು ನಿರೀಕ್ಷಿಸಬಾರದು. ನೀರು ದಹನವನ್ನು ಸ್ವಲ್ಪ ನಿಧಾನಿಸುವುದರಿಂದ, ನಾಕಿಂಗ್ ಇಲ್ಲದ ತಂಪು ಬೆಳಗಿನಲ್ಲಿ ಮೂಲ ಮ್ಯಾಪಿನ ಕಾರು ಕೊಂಚ ಶಕ್ತಿ ಕಳೆದುಕೊಳ್ಳಲೂಬಹುದು. ಲಾಭ ಕಾಣುವುದು ಇಸಿಯು ಟೈಮಿಂಗನ್ನು ಹಿಂದಕ್ಕೆಳೆಯುತ್ತಿದ್ದ ಕಡೆ. ಅದನ್ನು ಅನುಭವದ ಮೇಲೆ ಅಳೆಯದೆ ಡೈನೋ (ಕಾರಿನ ಶಕ್ತಿ ಅಳೆಯುವ ಯಂತ್ರ) ಮೇಲೆ ಅಳೆಯಬೇಕು. ಮೊದಲು ನೀರಿಲ್ಲದೆ, ಎಂಜಿನ್ ಚೆನ್ನಾಗಿ ಕಾದಿರುವಾಗ, ಒಂದೊಂದು ಸಿಲಿಂಡರಿನ ಟೈಮಿಂಗ್ ಕಡಿತ, ಗಾಳಿಯ ಉಷ್ಣತೆ ಮತ್ತು ಗಾಳಿ-ಇಂಧನದ ಅನುಪಾತವನ್ನು ಕಾರಿನ ದೋಷಪರೀಕ್ಷೆಯ ಸಂಪರ್ಕವಾದ ಒಬಿಡಿ ಮೂಲಕ ದಾಖಲಿಸಬೇಕು. ನಂತರ ಅದೇ ಸ್ಥಿತಿಯಲ್ಲಿ ನೀರಿನೊಂದಿಗೆ ದಾಖಲಿಸಿ ಎರಡನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಕಡಿತ ಎಲ್ಲ ಸಿಲಿಂಡರುಗಳಲ್ಲೂ ಕಡಿಮೆಯಾಗಿದ್ದರೆ ನಾಝಲ್ ಸರಿಯಾಗಿದೆ, ಒಂದರಲ್ಲಿ ಮಾತ್ರ ಉಳಿದಿದ್ದರೆ ಹಂಚಿಕೆ ಸರಿಯಿಲ್ಲ, ಮಿಸ್‌ಫೈರ್ ಕಂಡರೆ ನೀರು ಹೆಚ್ಚಾಗಿದೆ ಅಥವಾ ಸ್ಪಾರ್ಕ್ ಪ್ಲಗ್ಗಿನ ಅಂತರ ತಗ್ಗಿಸಬೇಕಿದೆ.

ಮೂರನೆಯ ಪರೀಕ್ಷೆಯನ್ನು ಹಲವರು ಬಿಟ್ಟುಬಿಡುತ್ತಾರೆ. ಡೈನೋ ಮೇಲಿರುವಾಗಲೇ, ಪೂರ್ಣ ಹೊರೆಗೆ ಹೋಗದೆ ನಡುಮಟ್ಟದ ಬೂಸ್ಟಿನಲ್ಲಿ, ಪಂಪಿನ ಫ್ಯೂಸ್ ಕಿತ್ತು ಏನಾಗುತ್ತದೆಂದು ನೋಡಬೇಕು. ಆಮೇಲೆ ಫ್ಯೂಸ್ ಹಾಕಿ ಟ್ಯಾಂಕ್ ಬರಿದು ಮಾಡಿ ನೋಡಬೇಕು, ಕೊನೆಗೆ ನಾಝಲಿನ ಪೈಪ್ ಕಳಚಿ ನೀರು ಬೇರೆಡೆ ಸುರಿಯುವಂತೆ ಮಾಡಿ ನೋಡಬೇಕು. ಮೂರು ಸಲವೂ ಬೂಸ್ಟ್ ತಾನಾಗಿ ಇಳಿದರೆ ಮಾತ್ರ ಟ್ಯೂನರ್ ನೀರನ್ನು ಆಧರಿಸಿದ ಮ್ಯಾಪನ್ನು ಕಾರಿಗೆ ತುಂಬಬಹುದು. ಒಂದು ಸಲ ಇಳಿಯದಿದ್ದರೂ ಮೂಲ ಮ್ಯಾಪಿನಲ್ಲೇ ಕಾರನ್ನು ಮನೆಗೆ ಒಯ್ಯಬೇಕು.